ಸ್ಪ್ರೆಡ್‌ಶೀಟಿನಲ್ಲಿ ಸೈನ್, ಕಾಸ್, ಟ್ಯಾನ್: ಗದ್ದೆಯ ಅಳತೆಯಿಂದ ಹಗಲಿನ ಉದ್ದದವರೆಗೆ

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಆಳೆತ್ತರಕ್ಕೆ ಬೆಳೆದು ನಿಂತ ಮೇಲೆ ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆಯುವುದು ಆಗದ ಮಾತು. ಬದುಗಳ ಮೇಲೆ ನಡೆದು ನಾಲ್ಕು ಬದಿಗಳನ್ನು ಅಳೆಯಬಹುದು. ಆದರೆ ನಾಲ್ಕು ಬದಿಗಳಷ್ಟೇ ಗೊತ್ತಿದ್ದರೆ ವಿಸ್ತೀರ್ಣ ನಿರ್ಧಾರವಾಗುವುದಿಲ್ಲ. ಅದೇ ನಾಲ್ಕು ಉದ್ದಗಳ ಆಕೃತಿಯನ್ನು ಒಂದು ಕಡೆಗೆ ಓರೆ ಮಾಡಿದರೆ ಬದಿಗಳು ಇದ್ದ ಹಾಗೆಯೇ ಉಳಿದು ಒಳಗಿನ ಜಾಗ ಮಾತ್ರ ಕುಗ್ಗುತ್ತದೆ. ಆದ್ದರಿಂದ ಕೋನ ಬೇಕು, ಕೋನ ಬಂದ ಮೇಲೆ ತ್ರಿಕೋನಮಿತಿ ಬೇಕು. ಪ್ರೌಢಶಾಲೆಯಲ್ಲಿ ಕಲಿತು ಮರೆತ ಆ ಸೈನ್, ಕಾಸ್, ಟ್ಯಾನ್‌ಗಳನ್ನು ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತಪ್ಪಿಲ್ಲದೆ ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬರವಣಿಗೆಯ ಬಗ್ಗೆ ಮೊದಲೇ ಒಂದು ಸೂಚನೆ. ಇಲ್ಲಿ ಸೂತ್ರಗಳನ್ನೂ ಸೆಲ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಶೀಟಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಸಮ ಚಿಹ್ನೆ ಹಾಕಿ ಮೊದಲ ಎರಡು ಮೂರು ಅಕ್ಷರ ಒತ್ತುತ್ತಿದ್ದಂತೆ ಪೂರ್ಣ ಹೆಸರು ಕೆಳಗೆ ಪಟ್ಟಿಯಾಗಿ ಕಾಣಿಸುವುದರಿಂದ ಕಾಗುಣಿತದ ಚಿಂತೆ ಬೇಡ. ಎಸೈನ್, ಎಕಾಸ್, ಎಟ್ಯಾನ್ ಎಂದು ಬರೆದಿರುವ ಕಡೆ ಸೈನ್, ಕಾಸ್, ಟ್ಯಾನ್‌ಗಳ ಹಿಂದೆ ‘ಎ’ ಅಕ್ಷರ ಸೇರಿಸಬೇಕೆಂದು ತಿಳಿಯಬೇಕು. ಕೆಲವು ಕಂಪ್ಯೂಟರುಗಳಲ್ಲಿ ಪ್ರಾದೇಶಿಕ ಸೆಟ್ಟಿಂಗಿಗೆ ತಕ್ಕಂತೆ ಸೂತ್ರದೊಳಗಿನ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗುತ್ತದೆ.

ಡಿಗ್ರಿಯನ್ನು ಶೀಟು ತಾನಾಗಿ ಗುರುತಿಸುವುದಿಲ್ಲ

ಶಾಲೆಯ ಕ್ಯಾಲ್ಕ್ಯುಲೇಟರಿನಲ್ಲಿ ಡಿಗ್ರಿ ಬೇಕೋ ರೇಡಿಯನ್ ಬೇಕೋ ಎಂದು ಆರಿಸುವ ಗುಂಡಿ ಇರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಅಂಥ ಗುಂಡಿಯೂ ಇಲ್ಲ, ಸೆಟ್ಟಿಂಗೂ ಇಲ್ಲ. ಈ ಮೂರು ತಂತ್ರಾಂಶಗಳಲ್ಲಿಯೂ ಸೈನ್, ಕಾಸ್, ಟ್ಯಾನ್‌ಗಳು ತಮಗೆ ಕೊಟ್ಟ ಸಂಖ್ಯೆಯನ್ನು ರೇಡಿಯನ್ ಎಂದೇ ಭಾವಿಸುತ್ತವೆ. 180 ಡಿಗ್ರಿ ಎಂದರೆ ಪೈ ರೇಡಿಯನ್. ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ. ಹಾಗಾಗಿ =ಸೈನ್(30) ಎಂದು ಬರೆದರೆ ನಿರೀಕ್ಷಿಸಿದ 0.5 ಬರುವುದಿಲ್ಲ, −0.988 ಬರುತ್ತದೆ. ಸರಿಯಾದ ಬರಹ ಹೀಗಿರಬೇಕು:

=ಸೈನ್(ರೇಡಿಯನ್ಸ್(30))

ರೇಡಿಯನ್ಸ್ ಎಂಬ ಫಂಕ್ಷನ್ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸುತ್ತದೆ. =ಸೈನ್(30*ಪೈ()/180) ಎಂದರೂ ಅದೇ ಉತ್ತರ, ಆದರೆ ಮೊದಲನೆಯದು ಓದಲು ಸುಲಭ. ಪೈ ಬಳಸುವವರು ಅದರ ಮುಂದಿನ ಖಾಲಿ ಆವರಣವನ್ನು ಬಿಡಬಾರದು. ವಿಲೋಮ ಫಂಕ್ಷನ್‌ಗಳಾದ ಎಸೈನ್, ಎಕಾಸ್, ಎಟ್ಯಾನ್‌ಗಳು ಉತ್ತರವನ್ನು ರೇಡಿಯನ್‌ನಲ್ಲಿಯೇ ಕೊಡುವುದರಿಂದ ಅವನ್ನು ಡಿಗ್ರೀಸ್ ಎಂಬ ಫಂಕ್ಷನ್‌ನೊಳಗೆ ಇಡಬೇಕು; =ಡಿಗ್ರೀಸ್(ಎಸೈನ್(0.5)) ಎಂದರೆ 30 ಬರುತ್ತದೆ.

ಇಷ್ಟು ವಿಷಯ ಎಲ್ಲ ಸಹಾಯ ಪುಟಗಳಲ್ಲಿಯೂ ಸಿಗುತ್ತದೆ. ನಿಜವಾದ ತೊಂದರೆಯೆಂದರೆ ರೇಡಿಯನ್ಸ್ ಮರೆತಾಗ ಶೀಟು ಯಾವ ದೋಷವನ್ನೂ ತೋರಿಸದೆ ನಂಬುವಂಥ ಒಂದು ಸಂಖ್ಯೆಯನ್ನು ಸೆಲ್‌ನಲ್ಲಿ ಕೂರಿಸುವುದು. ಆದ್ದರಿಂದ ತ್ರಿಕೋನಮಿತಿ ಇರುವ ಯಾವ ಶೀಟಿನಲ್ಲಿಯೂ ಎರಡು ಕೆಲಸ ಕಡ್ಡಾಯ ಎನ್ನುವುದು ನನ್ನ ಅಭಿಪ್ರಾಯ: ಡಿಗ್ರಿಯಿಂದ ರೇಡಿಯನ್‌ಗೆ ಬದಲಿಸುವುದನ್ನು ಒಂದೇ ಒಂದು ಕಾಲಂನಲ್ಲಿ ಮಾಡಿ ಮುಗಿಸುವುದು, ಮತ್ತು ಉತ್ತರವನ್ನು ಬೇರೊಂದು ದಾರಿಯಿಂದ ಪರೀಕ್ಷಿಸುವ ಸೆಲ್ ಒಂದನ್ನು ಅದೇ ಶೀಟಿನಲ್ಲಿ ಇಟ್ಟುಕೊಳ್ಳುವುದು.

ಕಬ್ಬಿನ ಗದ್ದೆಯ ವಿಸ್ತೀರ್ಣ

ನಾಲ್ಕು ಮೂಲೆಗಳ ಗದ್ದೆಯಲ್ಲಿ ಎದುರುಬದುರಾದ ಎರಡು ಮೂಲೆಗಳನ್ನು ಆರಿಸಿಕೊಳ್ಳಿ. ಒಂದು ನಾಲೆಯ ಕಡೆಯದು, ಇನ್ನೊಂದು ರಸ್ತೆಯ ಕಡೆಯದು ಎಂದಿಟ್ಟುಕೊಳ್ಳೋಣ. ಉಳಿದೆರಡು ಮೂಲೆಗಳನ್ನು ಸೇರಿಸುವ ಕರ್ಣವು ಗದ್ದೆಯನ್ನು ಎರಡು ತ್ರಿಕೋನಗಳಾಗಿ ಸೀಳುತ್ತದೆ. ಎರಡು ಬದಿ ಮತ್ತು ಅವುಗಳ ನಡುವಿನ ಕೋನ ಗೊತ್ತಿದ್ದರೆ ತ್ರಿಕೋನದ ವಿಸ್ತೀರ್ಣವು ಆ ಬದಿಗಳ ಗುಣಲಬ್ಧವನ್ನು ಕೋನದ ಸೈನ್‌ನಿಂದ ಗುಣಿಸಿದಾಗ ಬರುವುದರ ಅರ್ಧ. ಕಬ್ಬಿನ ನಡುವೆ ಹಾದುಹೋಗುವ ಕರ್ಣವನ್ನು ಅಳೆಯುವ ಅಗತ್ಯವೇ ಬೀಳುವುದಿಲ್ಲ.

ಮೂಲೆಯ ಕೋನವನ್ನು ಅಳೆಯಲು ಥಿಯೋಡೊಲೈಟ್ ಇಲ್ಲದಿದ್ದರೂ ನಡೆಯುತ್ತದೆ. ಮೂಲೆಯ ಕಲ್ಲಿನಿಂದ ಎರಡೂ ಬದುಗಳ ಮೇಲೆ ಸರಿಯಾಗಿ ಹತ್ತತ್ತು ಅಡಿ ದೂರದಲ್ಲಿ ಒಂದೊಂದು ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಇರುವ ಅಂತರವನ್ನು ಟೇಪಿನಲ್ಲಿ ಅಳೆದರೆ ಸಾಕು. ಆ ಅಂತರವನ್ನು 20ರಿಂದ ಭಾಗಿಸಿದಾಗ ಅರ್ಧ ಕೋನದ ಸೈನ್ ಸಿಗುತ್ತದೆ. ಅಂತರ ಎಚ್2 ಸೆಲ್‌ನಲ್ಲಿದ್ದರೆ ಕೋನದ ಸೂತ್ರ:

=ಡಿಗ್ರೀಸ್(2*ಎಸೈನ್(ಎಚ್2/20))

ಅಂತರ 13 ಅಡಿ ನಾಲ್ಕೂವರೆ ಇಂಚು ಬಂದರೆ ಸೆಲ್‌ನಲ್ಲಿ 13.45 ಎಂದು ತುಂಬಬಾರದು; =13+4.5/12 ಎಂದು ತುಂಬಬೇಕು, ಅದು 13.375 ಆಗುತ್ತದೆ, ಕೋನ 83.94 ಡಿಗ್ರಿ ಬರುತ್ತದೆ. ಥಿಯೋಡೊಲೈಟ್ ಇದ್ದವರಿಗೂ ಇದೇ ಬಗೆಯ ಎಚ್ಚರ ಬೇಕು: 84 ಡಿಗ್ರಿ 15 ನಿಮಿಷ 30 ಸೆಕೆಂಡು ಎಂಬುದನ್ನು =84+15/60+30/3600 ಎಂದು ಬರೆಯಬೇಕು.

ಈಗ ಶೀಟನ್ನು ಸಿದ್ಧಪಡಿಸೋಣ. ಮೊದಲ ಸಾಲು ತಲೆಬರಹಕ್ಕೆ. ಎರಡನೆಯ ಸಾಲು ನಾಲೆಯ ಕಡೆಯ ಮೂಲೆಗೆ, ಮೂರನೆಯ ಸಾಲು ರಸ್ತೆಯ ಕಡೆಯ ಮೂಲೆಗೆ. ಎ ಮತ್ತು ಬಿ ಕಾಲಂಗಳಲ್ಲಿ ಆಯಾ ಮೂಲೆಯಲ್ಲಿ ಕೂಡುವ ಎರಡು ಬದಿಗಳ ಉದ್ದವನ್ನು ಅಡಿಯಲ್ಲಿಯೂ ಸಿ ಕಾಲಂನಲ್ಲಿ ಕೋನವನ್ನು ಡಿಗ್ರಿಯಲ್ಲಿಯೂ ತುಂಬಿ. ಉದಾಹರಣೆಗೆ ಎರಡನೆಯ ಸಾಲಿನಲ್ಲಿ 210, 180, 84. ಮೂರನೆಯ ಸಾಲಿನಲ್ಲಿ 195, 168, 92. ನಂತರ ಎರಡನೆಯ ಸಾಲಿನ ಡಿ, ಇ, ಎಫ್ ಸೆಲ್‌ಗಳಲ್ಲಿ ಕ್ರಮವಾಗಿ ಈ ಸೂತ್ರಗಳನ್ನು ಬರೆದು ಒಂದು ಸಾಲು ಕೆಳಕ್ಕೆ ಎಳೆಯಿರಿ:

=ರೇಡಿಯನ್ಸ್(ಸಿ2)
=ಎ2*ಬಿ2*ಸೈನ್(ಡಿ2)/2
=ಎಸ್‌ಕ್ಯೂಆರ್‌ಟಿ(ಎ2^2+ಬಿ2^2-2*ಎ2*ಬಿ2*ಕಾಸ್(ಡಿ2))

ಡಿ ಕಾಲಂ ಇರುವುದು ರೇಡಿಯನ್‌ಗೆ ಬದಲಿಸುವುದಕ್ಕಷ್ಟೇ. ಅದರಿಂದಾಚೆಗೆ ಎಲ್ಲಿಯೂ ಡಿಗ್ರಿ ಕಾಣಿಸಿಕೊಳ್ಳಬಾರದು. ಇ ಕಾಲಂನಲ್ಲಿ ತ್ರಿಕೋನದ ವಿಸ್ತೀರ್ಣ ಚದರ ಅಡಿಯಲ್ಲಿ ಬರುತ್ತದೆ: ಒಂದರಲ್ಲಿ 18,796.46, ಇನ್ನೊಂದರಲ್ಲಿ 16,370.02. ಒಂದು ಗುಂಟೆಗೆ 1,089 ಚದರ ಅಡಿಯಾದ್ದರಿಂದ ಇ4 ಸೆಲ್‌ನಲ್ಲಿ =(ಇ2+ಇ3)/1089 ಎಂದು ಬರೆದರೆ 32.29 ಗುಂಟೆ ಸಿಗುತ್ತದೆ. ಎದುರುಬದುರು ಬದಿಗಳ (210ಕ್ಕೆ ಎದುರು 168, 180ಕ್ಕೆ ಎದುರು 195 ಎಂದಿಟ್ಟುಕೊಂಡರೆ) ಸರಾಸರಿ ತೆಗೆದು ಗುಣಿಸುವ ಹಳ್ಳಿಯ ಲೆಕ್ಕದಲ್ಲಿ ಇದೇ ಗದ್ದೆ 32.54 ಗುಂಟೆ ಆಗುತ್ತದೆ. ಆ ಲೆಕ್ಕವು ಆಯಾಕಾರದ ಗದ್ದೆಯ ಹೊರತು ಬೇರೆಲ್ಲ ಕಡೆ ಇದ್ದುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಗದ್ದೆ ಓರೆಯಾದಷ್ಟೂ ಹೆಚ್ಚಳ ದೊಡ್ಡದಾಗುತ್ತದೆ. ಗುತ್ತಿಗೆಗೆ ಕೊಡುವವರಿಗೆ ಅದು ಇಷ್ಟವಾಗುವುದು ಸಹಜ.

ಎಫ್ ಕಾಲಂನಲ್ಲಿ ಬರುವ ಕರ್ಣದ ಉದ್ದ ಪರೀಕ್ಷೆಗಾಗಿ. ಎರಡು ತ್ರಿಕೋನಗಳಿಗೂ ಕರ್ಣ ಒಂದೇ ಆಗಿರುವುದರಿಂದ ನಾಲೆಯ ಕಡೆಯ ಅಳತೆಗಳಿಂದ ಬಂದ ಕರ್ಣವೂ ರಸ್ತೆಯ ಕಡೆಯ ಅಳತೆಗಳಿಂದ ಬಂದ ಕರ್ಣವೂ ಹೊಂದಿಕೊಳ್ಳಲೇಬೇಕು. ಇಲ್ಲಿ ಒಂದು 261.91 ಅಡಿ, ಇನ್ನೊಂದು 261.79 ಅಡಿ, ವ್ಯತ್ಯಾಸ ಒಂದೂವರೆ ಇಂಚಿಗೂ ಕಡಿಮೆ. ಎಫ್4 ಸೆಲ್‌ನಲ್ಲಿ =ಎಬಿಎಸ್(ಎಫ್2-ಎಫ್3) ಎಂದಿಟ್ಟರೆ ಈ ವ್ಯತ್ಯಾಸ ಸದಾ ಕಣ್ಣೆದುರಿಗೆ ಇರುತ್ತದೆ.

ಈ ಪರೀಕ್ಷೆಯ ಬೆಲೆ ತಿಳಿಯಬೇಕಾದರೆ ಡಿ2 ಸೆಲ್‌ನ ಸೂತ್ರವನ್ನು ಬೇಕೆಂದೇ =ಸಿ2 ಎಂದು ಬದಲಿಸಿ ಕೆಳಗೆಳೆದು ನೋಡಿ. 84 ಮತ್ತು 92 ರೇಡಿಯನ್‌ಗಳೆಂದು ಭಾವಿಸಿದ ಶೀಟು ಮೊದಲ ತ್ರಿಕೋನಕ್ಕೆ 13,857 ಚದರ ಅಡಿಯನ್ನೂ ಎರಡನೆಯದಕ್ಕೆ ಋಣ 12,768 ಚದರ ಅಡಿಯನ್ನೂ ಕೊಟ್ಟು, ಒಟ್ಟು ಗದ್ದೆಯನ್ನು ಸರಿಯಾಗಿ 1.00 ಗುಂಟೆಗೆ ಇಳಿಸುತ್ತದೆ. ಮೂವತ್ತೆರಡು ಗುಂಟೆ ಹೋಗಿ ಒಂದು ಗುಂಟೆಯಾದರೂ ಸೆಲ್‌ನಲ್ಲಿ ಕೆಂಪು ಗುರುತು ಬೀಳುವುದಿಲ್ಲ. ಇ4 ಒಂದನ್ನೇ ನೋಡಿ ಮುದ್ರಿಸಿದವರಿಗೆ ‘1.00’ ಎಂಬ ಗುಂಡಾದ ಸಂಖ್ಯೆ ಮಾತ್ರ ಸಿಗುತ್ತದೆ. ಆದರೆ ಎಫ್ ಕಾಲಂನಲ್ಲಿ ಕರ್ಣ ಒಂದು ಕಡೆ 357.6 ಅಡಿ, ಇನ್ನೊಂದು ಕಡೆ 327.6 ಅಡಿ ಎಂದು ಬಂದು ಮೂವತ್ತು ಅಡಿಯ ಅಂತರ ತಪ್ಪನ್ನು ಬಯಲು ಮಾಡುತ್ತದೆ.

ಅಳತೆಯ ತಪ್ಪುಗಳಿಗೆ ವಿಸ್ತೀರ್ಣವೂ ಕರ್ಣವೂ ಸ್ಪಂದಿಸುವ ರೀತಿ ಬೇರೆಬೇರೆ ಎಂಬುದನ್ನು ಇಲ್ಲಿಯೇ ಗಮನಿಸುವುದು ಒಳ್ಳೆಯದು. ಹತ್ತು ಅಡಿಯ ಗೂಟಗಳ ನಡುವೆ ಟೇಪು ಒಂದು ಇಂಚು ತಪ್ಪಿದರೆ ಕೋನದಲ್ಲಿ ಅರ್ಧ ಡಿಗ್ರಿಗೂ ಮೀರಿದ ವ್ಯತ್ಯಾಸವಾಗುತ್ತದೆ. ಕೋನ 90 ಡಿಗ್ರಿಯ ಹತ್ತಿರವಿದ್ದಾಗ ಸೈನ್ ಬಹಳ ನಿಧಾನವಾಗಿ ಬದಲಾಗುವುದರಿಂದ ವಿಸ್ತೀರ್ಣದಲ್ಲಿ ಏರುಪೇರು ಇಪ್ಪತ್ತೆರಡು ಚದರ ಅಡಿ, ಅಂದರೆ ಗುಂಟೆಯ ಐವತ್ತನೆಯ ಒಂದು ಭಾಗದಷ್ಟು ಮಾತ್ರ. ಕಾಸ್ ಅಲ್ಲಿ ವೇಗವಾಗಿ ಬದಲಾಗುವುದರಿಂದ ಕರ್ಣ ಒಂದೂವರೆ ಅಡಿಯಷ್ಟು ಸರಿಯುತ್ತದೆ. ಹಾಗಾಗಿ ಎಫ್4ರಲ್ಲಿ ಒಂದೆರಡು ಅಡಿ ಕಂಡರೆ ಗಾಬರಿಯಾಗಬೇಕಿಲ್ಲ. ಐದು ಅಡಿಗೆ ಮೀರಿದರೆ ಬದುವಿಗೆ ಮರಳಿ ಹೋಗಿ ಗೂಟಗಳನ್ನು ಮೂವತ್ತು ಅಡಿ ದೂರಕ್ಕೆ ನೆಟ್ಟು ಅಳೆಯಬೇಕು, ಆಗ 20ರ ಬದಲು 60ರಿಂದ ಭಾಗಿಸಬೇಕು. ಈ ಲೆಕ್ಕವು ಕಟಾವಿನ ಅಂದಾಜಿಗೆ, ಗೊಬ್ಬರದ ಪ್ರಮಾಣಕ್ಕೆ, ಮನೆಯ ತಿಳಿವಳಿಕೆಗೆ ಸಾಕು. ಪೋಡಿ, ಹಿಸ್ಸೆ, ಕ್ರಯಪತ್ರಗಳಿಗೆ ಸರ್ವೆ ಇಲಾಖೆಯ ಅಳತೆಯೇ ಬೇಕು.

ಎತ್ತರ

ಎತ್ತರಕ್ಕೆ ಟ್ಯಾನ್ ಸಾಕು. ಮೈಸೂರಿನ ದೊಡ್ಡ ಗಡಿಯಾರ 1927ರಲ್ಲಿ ಕಟ್ಟಿದ, 75 ಅಡಿ ಎತ್ತರದ ಗೋಪುರ. ಅದರ ಬುಡದಿಂದ 100 ಅಡಿ ದೂರದಲ್ಲಿ ನಿಂತು ಮೊಬೈಲಿನ ಕೋನಮಾಪಕ ಆ್ಯಪ್‌ನಿಂದ ತುದಿಯನ್ನು ನೋಡಿದಾಗ 35 ಡಿಗ್ರಿ ಬಂದಿತೆನ್ನೋಣ, ನೋಡುವವರ ಕಣ್ಣು ನೆಲದಿಂದ 5 ಅಡಿ ಮೇಲಿದೆ. ದೂರ ಎ2, ಕೋನ ಬಿ2, ಕಣ್ಣಿನ ಎತ್ತರ ಸಿ2 ಆದರೆ:

=ಎ2*ಟ್ಯಾನ್(ರೇಡಿಯನ್ಸ್(ಬಿ2))+ಸಿ2

ಉತ್ತರ 75.02 ಅಡಿ. ಕೋನವನ್ನು 36 ಎಂದು ಓದಿದರೆ ಅದೇ ಗೋಪುರ 77.65 ಅಡಿಗೆ ಏರುತ್ತದೆ. ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ಒಂದು ಡಿಗ್ರಿ ಅತ್ತಿತ್ತ ಆಗುವುದು ಸಾಮಾನ್ಯವಾದ್ದರಿಂದ ನಾಲ್ಕೈದು ಓದುಗಳನ್ನು ಕಾಲಂನಲ್ಲಿ ತುಂಬಿ ಸರಾಸರಿ ತೆಗೆಯುವುದು ಮೇಲು. ಎತ್ತರದ ತೆಂಗಿನ ಮರಕ್ಕೂ ಇದೇ ಸೂತ್ರ. ಬುಡದ ಬಳಿಗೆ ಹೋಗಲಾಗದ ಕಡೆ, ಒಂದೇ ನೇರದಲ್ಲಿ ಎರಡು ಜಾಗಗಳಲ್ಲಿ ನಿಂತು ದೂರದ ಕೋನ ಬಿ2, ಹತ್ತಿರದ ಕೋನ ಸಿ2, ಆ ಜಾಗಗಳ ನಡುವಿನ ಅಂತರ ಎ2 ಎಂದು ತುಂಬಿದರೆ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ ಹೀಗೆ ಸಿಗುತ್ತದೆ:

=ಎ2/(1/ಟ್ಯಾನ್(ರೇಡಿಯನ್ಸ್(ಬಿ2))-1/ಟ್ಯಾನ್(ರೇಡಿಯನ್ಸ್(ಸಿ2)))

ಇಲ್ಲಿ ಕಾಟ್ ಎಂಬ ಫಂಕ್ಷನ್ ಬಳಸಬಹುದು, ಆದರೆ ಎಕ್ಸೆಲ್‌ನಲ್ಲಿ ಅದು ಬಂದದ್ದು 2013ರ ಆವೃತ್ತಿಯಲ್ಲಿ. ಹಳೆಯ ಆವೃತ್ತಿ ಇರುವವರಿಗೂ ಕಡತ ಕಳಿಸಬೇಕಾದರೆ ಒಂದನ್ನು ಟ್ಯಾನ್‌ನಿಂದ ಭಾಗಿಸುವುದೇ ಕ್ಷೇಮ.

ದಿಕ್ಕು, ಮತ್ತು ಎಟ್ಯಾನ್2ರ ಒಳಗಿನ ಕ್ರಮ

ಮೈಸೂರಿನಿಂದ ಮಂಡ್ಯ ಯಾವ ದಿಕ್ಕಿಗಿದೆ ಎಂಬುದನ್ನು ಅಕ್ಷಾಂಶ ರೇಖಾಂಶಗಳಿಂದ ತಿಳಿಯಬಹುದು. ಮೈಸೂರಿಗೆ 12.30 ಮತ್ತು 76.64, ಮಂಡ್ಯಕ್ಕೆ 12.52 ಮತ್ತು 76.90 ಎಂದು ಹಿಡಿದರೆ ಉತ್ತರಕ್ಕೆ 0.22 ಡಿಗ್ರಿ, ಪೂರ್ವಕ್ಕೆ 0.26 ಡಿಗ್ರಿ ಹೋಗಬೇಕು. ರೇಖಾಂಶದ ಒಂದು ಡಿಗ್ರಿ ಸಮಭಾಜಕದಿಂದ ದೂರ ಸರಿದಂತೆ ಕಿರಿದಾಗುವುದರಿಂದ 0.26ನ್ನು ನಡುವಿನ ಅಕ್ಷಾಂಶವಾದ 12.41 ಡಿಗ್ರಿಯ ಕಾಸ್‌ನಿಂದ ಗುಣಿಸಬೇಕು, ಅದು 0.2539 ಆಗುತ್ತದೆ. ಉತ್ತರದ ಅಂತರ ಎ2ರಲ್ಲಿ, ಹೀಗೆ ತಿದ್ದಿದ ಪೂರ್ವದ ಅಂತರ ಬಿ2ರಲ್ಲಿ ಇದ್ದರೆ, ಉತ್ತರದಿಂದ ಬಲಕ್ಕೆ ಎಣಿಸಿದ ದಿಕ್ಕು:

=ಮಾಡ್(ಡಿಗ್ರೀಸ್(ಎಟ್ಯಾನ್2(ಎ2,ಬಿ2)),360)

ಉತ್ತರ ಸುಮಾರು 49 ಡಿಗ್ರಿ, ಅಂದರೆ ಈಶಾನ್ಯ. ಮಂಡ್ಯದಿಂದ ಮೈಸೂರಿಗೆ ಬರುವಾಗ ಎರಡೂ ಅಂತರಗಳು ಋಣವಾಗುತ್ತವೆ. ಆಗ ಬರಿಯ ಎಟ್ಯಾನ್‌ಗೆ ಭಾಗಲಬ್ಧವನ್ನಷ್ಟೇ ಕೊಟ್ಟರೆ ಋಣಕ್ಕೆ ಋಣ ಹೊಡೆದುಹೋಗಿ ಮತ್ತೆ 49 ಡಿಗ್ರಿಯೇ ಬಂದು, ಮೈಸೂರಿಗೆ ಹೊರಟವರು ಬೆಂಗಳೂರಿನ ಕಡೆಗೆ ನಡೆಯಬೇಕಾಗುತ್ತದೆ. ಎಟ್ಯಾನ್2 ಎರಡು ಅಂತರಗಳನ್ನೂ ಬೇರೆಬೇರೆಯಾಗಿ ನೋಡುವುದರಿಂದ ಸರಿಯಾಗಿ 229 ಡಿಗ್ರಿ, ಅಂದರೆ ನೈರುತ್ಯ ಎನ್ನುತ್ತದೆ. ಋಣ ಡಿಗ್ರಿಯನ್ನು 0ರಿಂದ 360ರೊಳಗೆ ತರುವುದು ಮಾಡ್‌ನ ಕೆಲಸ.

ಪ್ರೋಗ್ರಾಮಿಂಗ್ ಬಲ್ಲವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಸಿ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಎಟ್ಯಾನ್2ಗೆ ಮೊದಲು ವೈ, ನಂತರ ಎಕ್ಸ್ ಕೊಡುತ್ತೇವೆ. ಸ್ಪ್ರೆಡ್‌ಶೀಟುಗಳಲ್ಲಿ ಮೊದಲು ಎಕ್ಸ್, ನಂತರ ವೈ. ಕ್ರಮ ತಿರುಗುಮುರುಗಾದರೂ ಉತ್ತರವೊಂದು ಬಂದೇ ಬರುತ್ತದೆ. ಪರೀಕ್ಷೆಗೆ ಉತ್ತರಕ್ಕೆ 1, ಪೂರ್ವಕ್ಕೆ 0 ಎಂದು ತುಂಬಿ ನೋಡಬೇಕು: 0 ಡಿಗ್ರಿ ಬಂದರೆ ಕ್ರಮ ಸರಿಯಿದೆ, 90 ಬಂದರೆ ತಿರುಗಿದೆ. ಇದೇ ಅಂತರಗಳಿಂದ ನೇರ ದೂರವನ್ನೂ ತೆಗೆಯಬಹುದು. ಎರಡರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ರೇಡಿಯನ್‌ಗೆ ಬದಲಿಸಿ, ಭೂಮಿಯ ಸರಾಸರಿ ತ್ರಿಜ್ಯವಾದ 6,371 ಕಿಲೋಮೀಟರಿನಿಂದ ಗುಣಿಸಿದರೆ ಸುಮಾರು 37.4 ಕಿಲೋಮೀಟರ್ ಬರುತ್ತದೆ. ಶ್ರೀರಂಗಪಟ್ಟಣದ ಮೇಲೆ ಸುತ್ತಿ ಹೋಗುವ ರಸ್ತೆ ಇದಕ್ಕಿಂತ ಉದ್ದವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಮೈಸೂರಿನ ಹಗಲು

ಒಂದೇ ಸೂತ್ರವನ್ನು 365 ಸಾಲುಗಳಿಗೆ ಎಳೆಯುವಲ್ಲಿ ಶೀಟಿನ ನಿಜವಾದ ಸೌಕರ್ಯ ಕಾಣುತ್ತದೆ. ಬಿ1 ಸೆಲ್‌ನಲ್ಲಿ ಮೈಸೂರಿನ ಅಕ್ಷಾಂಶವನ್ನು =ರೇಡಿಯನ್ಸ್(12.3) ಎಂದು ಇಟ್ಟು, ಎ3ರಿಂದ ಕೆಳಗೆ 1ರಿಂದ 365ರವರೆಗೆ ದಿನಸಂಖ್ಯೆ ತುಂಬಿ. ಬಿ3ರಲ್ಲಿ ಆ ದಿನ ಸೂರ್ಯ ಸಮಭಾಜಕದಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆಂಬ ಕ್ರಾಂತಿಯನ್ನು ಡಿಗ್ರಿಯಲ್ಲಿಯೂ, ಸಿ3ರಲ್ಲಿ ಹಗಲಿನ ಉದ್ದವನ್ನು ಗಂಟೆಗಳಲ್ಲಿಯೂ ಪಡೆಯಬಹುದು:

=23.45*ಸೈನ್(ರೇಡಿಯನ್ಸ್(360*(284+ಎ3)/365))
=ಡಿಗ್ರೀಸ್(ಎಕಾಸ್(-ಟ್ಯಾನ್($ಬಿ$1)*ಟ್ಯಾನ್(ರೇಡಿಯನ್ಸ್(ಬಿ3))))*2/15

ಡಾಲರ್ ಗುರುತು ಇಲ್ಲದಿದ್ದರೆ ಕೆಳಗೆ ಎಳೆದಂತೆ ಅಕ್ಷಾಂಶದ ಸೆಲ್ ಕೂಡ ಜಾರುತ್ತಾ ಹೋಗುತ್ತದೆ. 15ರಿಂದ ಭಾಗಿಸುವುದು ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ. ಜೂನ್ 21, ಅಂದರೆ 172ನೆಯ ದಿನದ ಸಾಲಿನಲ್ಲಿ 12.72 ಗಂಟೆ, ಅಂದರೆ 12 ಗಂಟೆ 43 ನಿಮಿಷ ಬರುತ್ತದೆ. ಡಿಸೆಂಬರ್ 21ಕ್ಕೆ 11.28 ಗಂಟೆ. ಪಂಚಾಂಗದಲ್ಲೋ ಪತ್ರಿಕೆಯಲ್ಲೋ ಕೊಡುವ ಉದಯಾಸ್ತಗಳಿಂದ ಲೆಕ್ಕ ಹಾಕಿದರೆ ಕೆಲವು ನಿಮಿಷ ಹೆಚ್ಚು ಬರುವುದುಂಟು. ಗಾಳಿಯಲ್ಲಿ ಬೆಳಕು ಬಾಗುವುದನ್ನಾಗಲಿ, ಸೂರ್ಯಬಿಂಬದ ಮೇಲಂಚಿನಿಂದ ಉದಯವನ್ನು ಎಣಿಸುವುದನ್ನಾಗಲಿ ಈ ಸೂತ್ರ ಗಣಿಸುವುದಿಲ್ಲ.

ಬಿ ಕಾಲಂ ಇನ್ನೊಂದಕ್ಕೂ ಒದಗುತ್ತದೆ. ಕ್ರಾಂತಿ ಮೈಸೂರಿನ ಅಕ್ಷಾಂಶಕ್ಕೆ ಸಮವಾದ ದಿನ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. 12.3ಕ್ಕೆ ಅತಿ ಹತ್ತಿರದ ದಿನಸಂಖ್ಯೆಗಳು 113 ಮತ್ತು 231, ಅಂದರೆ ಏಪ್ರಿಲ್ 23 ಮತ್ತು ಆಗಸ್ಟ್ 19. ಸೂತ್ರ ಅಂದಾಜಿನದಾದ್ದರಿಂದ ಒಂದೆರಡು ದಿನ ಹಿಂದುಮುಂದಾಗಬಹುದು. ಪರೀಕ್ಷೆಗೆ 81ನೆಯ ದಿನದ ಸಾಲು, ಅಂದರೆ ಮಾರ್ಚ್ 22, ಅನುಕೂಲ: ಅಲ್ಲಿ ಕ್ರಾಂತಿ ಸೊನ್ನೆಯೂ ಹಗಲು ಸರಿಯಾಗಿ 12 ಗಂಟೆಯೂ ಆಗಿರಬೇಕು.

ಆದರೆ ಆ ಸಾಲಿನ ಕ್ರಾಂತಿಯ ಸೆಲ್‌ನಲ್ಲಿ ಸೊನ್ನೆಯ ಬದಲು ಇ-15 (ಅಂದರೆ 10ರ −15ನೆಯ ಘಾತ) ಎಂಬಂಥ ಬಾಲವುಳ್ಳ ವಿಚಿತ್ರ ಸಂಖ್ಯೆ ಕಾಣಿಸಬಹುದು. ಪೈಯನ್ನು ಕಂಪ್ಯೂಟರು ಸುಮಾರು ಹದಿನೈದು ಅಂಕಿಗಳವರೆಗೆ ಮಾತ್ರ ಇಟ್ಟುಕೊಳ್ಳುವುದರಿಂದ ಉಳಿಯುವ ಚೂರು ಅದು. ಇದೇ ಕಾರಣದಿಂದ =ಕಾಸ್(ರೇಡಿಯನ್ಸ್(90)) ಎಂಬುದು ಸೊನ್ನೆಯ ಬದಲು 6.1ಇ-17 ಎನ್ನುತ್ತದೆ, 90 ಡಿಗ್ರಿಯ ಟ್ಯಾನ್ ದೋಷ ತೋರಿಸದೆ 1.6ಇ+16 ಎಂಬ ಅಗಾಧ ಸಂಖ್ಯೆಯನ್ನು ಕೊಡುತ್ತದೆ. ಮುಂದಿನ ಲೆಕ್ಕಗಳಿಗೆ ಇದರಿಂದ ತೊಂದರೆಯಿಲ್ಲ, ಆದರೆ ಇಫ್ ಬಳಸಿ ‘ಸೊನ್ನೆಗೆ ಸಮವೇ’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಹಾಗೆ ಕೇಳುವ ಕಡೆ =ರೌಂಡ್(ಬಿ3,10) ಎಂದು ಹತ್ತು ದಶಾಂಶಗಳಿಗೆ ಕತ್ತರಿಸಿ ಕೇಳಬೇಕು.

ಅದೇ ಚೂರು ಎಕಾಸ್, ಎಸೈನ್‌ಗಳಲ್ಲಿ ಬೇರೆ ರೂಪ ತಾಳುತ್ತದೆ. ಇವೆರಡೂ −1ರಿಂದ 1ರೊಳಗಿನ ಸಂಖ್ಯೆಯನ್ನು ಮಾತ್ರ ಒಪ್ಪುತ್ತವೆ. ಲೆಕ್ಕದ ಕೊನೆಯಲ್ಲಿ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಂದರೂ ಎಕ್ಸೆಲ್ ಸಂಖ್ಯಾದೋಷ ತೋರಿಸಿ ನಿಲ್ಲುತ್ತದೆ. ಎಕಾಸ್‌ಗೆ ಹೋಗುವ ಸಂಖ್ಯೆ ಡಿ3ರಲ್ಲಿದ್ದರೆ =ಎಕಾಸ್(ಮ್ಯಾಕ್ಸ್(-1,ಮಿನ್(1,ಡಿ3))) ಎಂದು ಬರೆದು ಅದನ್ನು ಮಿತಿಯೊಳಗೆ ಹಿಡಿಯಬಹುದು. ಗದ್ದೆಯ ಅಳತೆಯಲ್ಲಿ ಮಾತ್ರ ಹೀಗೆ ಮಾಡಬಾರದು: ಹತ್ತತ್ತು ಅಡಿಯ ಗೂಟಗಳ ನಡುವಿನ ಅಂತರ 20 ಅಡಿಗೆ ಮೀರಿ ಎಸೈನ್ ದೋಷ ತೋರಿಸಿದರೆ ಅದು ಟೇಪಿನದೋ ಗೂಟದ್ದೋ ತಪ್ಪು, ಅದು ಕಾಣುವಂತೆಯೇ ಇರಬೇಕು.